ಗುಮಾಸ್ತನೇ ಯಂತ್ರಕ್ಕೆ ಕೆಲಸ ಹೇಳುವ ಕಾಲ

ಹೊಟೇಲಿನ ಗಲ್ಲಾದಲ್ಲಿ ಕುಳಿತವರಿಗೂ ಕಛೇರಿಯ ಮೇಜಿನ ಮುಂದೆ ಕುಳಿತವರಿಗೂ ಸಮಾನವಾದ ಕಷ್ಟವೊಂದುಂಟು. ಅದೆಂದರೆ ಬರೆದುದನ್ನೇ ಮತ್ತೆ ಮತ್ತೆ ಬರೆಯುವುದು. ಅಡಿಗೆಮನೆಯಿಂದ ಬಂದ ಚೀಟಿಯನ್ನು ನೋಡಿ ಉಗ್ರಾಣದ ಪುಸ್ತಕದಲ್ಲಿ ಬರೆಯಬೇಕು; ಆ ಪುಸ್ತಕವನ್ನು ನೋಡಿ ವರ್ತಕನಿಗೆ ಪಟ್ಟಿ ಕಳುಹಿಸಬೇಕು; ಸಾಮಾನು ಬಂದ ಮೇಲೆ ಅದೇ ಅಂಕಿಗಳನ್ನು ಖರೀದಿಯ ಲೆಕ್ಕಕ್ಕೆ ಏರಿಸಬೇಕು; ತಿಂಗಳ ಕೊನೆಗೆ ಲೆಕ್ಕಪರಿಶೋಧಕರಿಗಾಗಿ ಅವನ್ನೇ ಇನ್ನೊಮ್ಮೆ ತೆಗೆದು ಬರೆಯಬೇಕು. ಒಂದೇ ಅಂಕಿ ನಾಲ್ಕು ಕಡೆ ಏರುವಾಗ ಎಲ್ಲಿಯಾದರೂ ಒಂದು ಕಡೆ ತಪ್ಪಿದರೆ, ಅದರ ಹೊಣೆ ಬಂದು ಬೀಳುವುದು ಗುಮಾಸ್ತನ ತಲೆಯ ಮೇಲೆಯೇ.

ಈ ಮರುಬರಹದ ಹೊರೆಯನ್ನು ಯಂತ್ರಕ್ಕೆ ವಹಿಸಿಕೊಡುವ ಸಾಧನಗಳು ಇಂದು ‘ಲೋ-ಕೋಡ್’ ಎಂಬ ಹೆಸರಿನಿಂದ ಬಳಕೆಗೆ ಬಂದಿವೆ. ಇವುಗಳ ವಿಚಾರವನ್ನು ನಮ್ಮ ನೌಕರ ಬಂಧುಗಳು ಅರಿತಿರುವುದು ಅಗತ್ಯವೆಂದು ನಾವು ಭಾವಿಸುತ್ತೇವೆ. ಏಕೆಂದರೆ ಇವು ಇಂಜಿನಿಯರರಿಗಾಗಿ ಮಾತ್ರವೇ ಹುಟ್ಟಿದವಲ್ಲ; ತನ್ನ ಕೆಲಸದ ಒಳಹೊರಗನ್ನು ಬಲ್ಲ ಸಾಮಾನ್ಯ ನೌಕರನಿಗೂ ಒದಗಬಲ್ಲವು.

ಹೆಸರು ಹೊಸದು, ಆಶೆ ಹಳೆಯದು

ಕಂಪ್ಯೂಟರಿಗೆ ಅದರದೇ ಭಾಷೆಯಲ್ಲಿ ಬರೆದುಕೊಡುವ ಆದೇಶಗಳಿಗೆ ‘ಕೋಡ್’ ಎನ್ನುತ್ತಾರೆ. ಆ ಬರಹ ಬಹಳ ಕಡಿಮೆ ಸಾಕಾಗುವುದರಿಂದ ಈ ಸಾಧನಗಳಿಗೆ ‘ಲೋ-ಕೋಡ್’ ಎಂಬ ಹೆಸರು. ಅಮೆರಿಕೆಯ ಫಾರೆಸ್ಟರ್ ಎಂಬ ಸಂಶೋಧನ ಸಂಸ್ಥೆ 2014ರಲ್ಲಿ ಈ ಹೆಸರನ್ನು ಬಳಕೆಗೆ ತಂದಿತು. ಆದರೆ ಇದರ ಹಿಂದಿನ ಆಶೆ ಅದಕ್ಕಿಂತ ಬಹಳ ಹಳೆಯದು. ವ್ಯವಹಾರ ಬಲ್ಲವರು ಓದಿದರೂ ಅರ್ಥವಾಗುವಂತಹ ಭಾಷೆಯೊಂದು ಯಂತ್ರಕ್ಕೆ ಬೇಕೆಂದು 1959ರಲ್ಲಿಯೇ ಅಲ್ಲಿನ ತಜ್ಞರು ಸಮಿತಿ ಸೇರಿ ಕೋಬಾಲ್ ಭಾಷೆಯನ್ನು ರೂಪಿಸತೊಡಗಿದರು. 1979ರಲ್ಲಿ ಡಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬಿಬ್ಬರು ‘ವಿಸಿಕ್ಯಾಲ್ಕ್’ ಎಂಬ ಲೆಕ್ಕದ ಹಾಳೆಯನ್ನು ಹೊರತಂದರು. ಇಂದು ಎಕ್ಸೆಲ್ ಹಾಳೆಯಲ್ಲಿ ಕೂಡಿಸುವ ಸೂತ್ರ ಹಾಕುವ ಪ್ರತಿಯೊಬ್ಬ ಗುಮಾಸ್ತನೂ ಆ ಪರಂಪರೆಗೆ ಸೇರಿದವನೇ.

ಈಗಿನ ಸಾಧನಗಳ ಪೈಕಿ ಚೆನ್ನೈಯ ಜೋಹೋ ಸಂಸ್ಥೆಯ ‘ಕ್ರಿಯೇಟರ್’ 2006ರಲ್ಲಿ ಹೊರಬಂತು. ಮೈಕ್ರೋಸಾಫ್ಟಿನವರು 2016ರಲ್ಲಿ ‘ಫ್ಲೋ’ ಎಂದು ತಂದುದಕ್ಕೆ 2019ರಿಂದ ‘ಪವರ್ ಆಟೊಮೇಟ್’ ಎಂದು ಹೆಸರು. ‘ಆಪ್‌ಶೀಟ್’ ಎಂಬುದನ್ನು ಗೂಗಲ್ 2020ರಲ್ಲಿ ಕೊಂಡುಕೊಂಡಿತು. ಎಷ್ಟೋ ಕಛೇರಿಗಳು ಈ ಸಂಸ್ಥೆಗಳಿಗೆ ಈಗಾಗಲೇ ಚಂದಾ ಕಟ್ಟುತ್ತಿದ್ದರೂ, ಅದರೊಳಗೆ ಇಂತಹ ಸಾಧನವೂ ಸೇರಿರಬಹುದೆಂದು ವಿಚಾರಿಸುವುದಿಲ್ಲ. ಬೆಣ್ಣೆಯನ್ನು ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತಾಯಿತು.

ಒಂದು ಉದಾಹರಣೆ

ಇದು ನಡೆಯುವ ಕ್ರಮವನ್ನು ಹೊಟೇಲಿನ ದಿನನಿತ್ಯದ ಕೆಲಸದಿಂದಲೇ ತಿಳಿಯೋಣ. ರಾತ್ರಿ ಅಡಿಗೆಮನೆ ಮುಚ್ಚುವ ಮೊದಲು ಭಟ್ಟರು ಮರುದಿನಕ್ಕೆ ಬೇಕಾದ ಸಾಮಾನಿನ ಪಟ್ಟಿ ಹೇಳುತ್ತಾರೆ. ಚೀಟಿಯ ಬದಲು ಮೊಬೈಲಿನಲ್ಲಿ ಒಂದು ಪತ್ರಕ ತೆರೆದುಕೊಳ್ಳುವಂತೆ ಮಾಡಬಹುದು. ಅದರ ಪ್ರಶ್ನೆಗಳನ್ನೆಲ್ಲ ಕನ್ನಡದಲ್ಲಿಯೇ ಬರೆಯಬಹುದು: ಉದ್ದಿನಬೇಳೆ ಎಷ್ಟು ಕಿಲೋ, ತೆಂಗಿನಕಾಯಿ ಎಷ್ಟು, ಎಷ್ಟು ಗಂಟೆಗೆ ಬೇಕು. ಭಟ್ಟರು ಅದನ್ನು ತುಂಬಿದೊಡನೆ ಆ ವಿವರ ಲೆಕ್ಕದ ಹಾಳೆಯಲ್ಲಿ ಒಂದು ಸಾಲಾಗಿ ಕುಳಿತುಕೊಳ್ಳುತ್ತದೆ. ಮುಂದಿನ ಕೆಲಸ ಯಂತ್ರದ್ದು. ಒಟ್ಟು ಬೆಲೆ 5,000 ರೂಪಾಯಿಗಿಂತ ಕಡಿಮೆಯಾದರೆ ಪಟ್ಟಿ ನೇರವಾಗಿ ವರ್ತಕನಿಗೆ ಹೋಗಲಿ. ಹೆಚ್ಚಾದರೆ ಧಣಿಗಳ ಒಪ್ಪಿಗೆ ಕೇಳಲಿ. ಮರುದಿನ ಹತ್ತು ಗಂಟೆಯಾದರೂ ಸಾಮಾನು ಬಂದುದಾಗಿ ಯಾರೂ ಗುರುತು ಹಾಕದಿದ್ದರೆ ಮ್ಯಾನೇಜರರಿಗೆ ನೆನಪಿನ ಸಂದೇಶ ಕಳುಹಿಸಲಿ.

ಇದರಲ್ಲಿರುವುದು ಮೂರೇ ಅಂಗಗಳು: ಯಾವುದಾದ ಮೇಲೆ ಕೆಲಸ ಆರಂಭವಾಗಬೇಕು, ಯಾವ ನಿಬಂಧನೆಗೆ ಒಳಪಟ್ಟು ನಡೆಯಬೇಕು, ಏನು ಮಾಡಬೇಕು. ಈ ಮೂರನ್ನೂ ಪರದೆಯ ಮೇಲೆ ಪೆಟ್ಟಿಗೆಗಳಂತೆ ಆರಿಸಿ ಒಂದಕ್ಕೊಂದು ಜೋಡಿಸುವುದೇ ಈ ವಿದ್ಯೆಯ ಮುಖ್ಯಭಾಗ. ರಜೆಯ ಅರ್ಜಿ, ಪಾಳಿಯ ಹಂಚಿಕೆ, ಆಹಾರ ಪರವಾನಗಿಯ ನವೀಕರಣದ ದಿನಾಂಕ, ಬಾಕಿ ಬಿಲ್ಲಿನ ಜ್ಞಾಪನೆ, ಇವೆಲ್ಲವೂ ಇದೇ ಅಚ್ಚಿನಲ್ಲಿ ಹೊಯ್ಯಬಹುದಾದ ಕೆಲಸಗಳು.

ಹೊಟ್ಟೆಯ ಪ್ರಶ್ನೆ

‘ಬರೆಯುವ ಕೆಲಸವನ್ನು ಯಂತ್ರವೇ ಮಾಡಿದರೆ ಬರೆಯುವವನ ಗತಿಯೇನು?’ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿಯೇ ಏಳುತ್ತದೆ. ಕೇವಲ ನಕಲು ಮಾಡುವ ಗುಮಾಸ್ತಿಕೆ ಕುಗ್ಗುತ್ತಿದೆಯೆಂಬ ಮಾತನ್ನು ನಾವು ಮುಚ್ಚಿಡಲಾರೆವು. ಆದರೆ ವಿಚಾರ ಮಾಡಬೇಕಾದ ಅಂಶ ಬೇರೊಂದಿದೆ. ಯಂತ್ರಕ್ಕೆ ನಿಬಂಧನೆಗಳನ್ನು ಹೇಳಿಕೊಡುವವರು ಯಾರು?

ಶನಿವಾರ ದೋಸೆಹಿಟ್ಟು ಹೆಚ್ಚು ಬೇಕಾಗುತ್ತದೆ; ಮುಂಬಯಿಯಲ್ಲಿ ಸಂಕಷ್ಟಿ ಮತ್ತು ಏಕಾದಶಿಗಳಂದು ಊಟ ಕಡಿಮೆಯಾಗಿ ಸಾಬುದಾಣೆಯ ತಿಂಡಿಗಳಿಗೆ ಬೇಡಿಕೆ ಏರುತ್ತದೆ; ಇಂತಹ ವರ್ತಕ ಬಿಲ್ಲನ್ನು ಎರಡು ದಿನ ತಡವಾಗಿಯೇ ಕೊಡುತ್ತಾನೆ. ಇವು ಯಾವ ಇಂಜಿನಿಯರನ ಪುಸ್ತಕದಲ್ಲಿಯೂ ಇರುವುದಿಲ್ಲ, ದುಡಿದವನ ತಲೆಯಲ್ಲಿರುತ್ತವೆ. ಈ ಜ್ಞಾನವನ್ನು ಹೊರಗಿನವನು ಕೇಳಿಕೊಂಡು ಹೋಗಿ ವ್ಯವಸ್ಥೆ ಕಟ್ಟಿದರೆ ನೌಕರನಿಗೆ ಉಳಿಯುವುದು ಏನೂ ಇಲ್ಲ. ತಾನೇ ಕಟ್ಟಿದರೆ, ಆ ವ್ಯವಸ್ಥೆಯನ್ನು ನಡೆಸುವವನೂ ತಿದ್ದುವವನೂ ತಾನೇ ಆಗುತ್ತಾನೆ. ತಾನು ಮಾಡುವುದು ಉತ್ತಮವೆಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಟೈಪಿಂಗ್ ಮತ್ತು ಶೀಘ್ರಲಿಪಿ ಕಲಿತು ಪರಸ್ಥಳಕ್ಕೆ ಬಂದ ನಮ್ಮ ಹಿರಿಯರಿಗೆ ಆ ವಿದ್ಯೆಗಳೇ ಅನ್ನಕ್ಕೆ ದಾರಿ ಮಾಡಿಕೊಟ್ಟವು. ಅವರ ಮೊಮ್ಮಕ್ಕಳಿಗೆ ಇದೂ ಅಂತಹುದೇ ಒಂದು ವಿದ್ಯೆ.

ಎಚ್ಚರಿಕೆಯ ಮಾತು

ಸುಲಭವಾಗಿ ಕಟ್ಟಬಹುದಾದುದು ಸುಲಭವಾಗಿ ಕೆಡಲೂಬಹುದು. ಮೊದಲನೆಯ ಅಪಾಯ, ಸದ್ದಿಲ್ಲದೆ ನಿಂತುಹೋಗುವುದು. 2020ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಇಲಾಖೆ ಕೋವಿಡ್ ಪರೀಕ್ಷೆಗಳ ಫಲಿತಾಂಶವನ್ನು ತನ್ನಷ್ಟಕ್ಕೆ ತಾನೇ ಎಕ್ಸೆಲ್ ಹಾಳೆಗೆ ಸೇರುವಂತೆ ಮಾಡಿತ್ತು. ಆ ಹಾಳೆ ಹಳೆಯ ಮಾದರಿಯದು. 65,536 ಸಾಲುಗಳಿಗಿಂತ ಹೆಚ್ಚು ಹಿಡಿಯುವಂತಿರಲಿಲ್ಲ. ಸಾಲು ತುಂಬಿದ ಮೇಲೆ ಬಂದವು ಹೊರಗೇ ಉಳಿದವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ತನಕ 15,841 ಸೋಂಕಿತರ ಹೆಸರು ದೈನಿಕ ಲೆಕ್ಕಕ್ಕೆ ಬರಲಿಲ್ಲ. ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕಾರ್ಯ ತಡವಾಯಿತು. ಒಳಗೆ ಬಂದುದೆಷ್ಟು, ಹೊರಗೆ ಹೋದುದೆಷ್ಟು ಎಂದು ಪ್ರತಿದಿನ ತಾಳೆ ನೋಡುವ ಒಬ್ಬ ಗುಮಾಸ್ತನಿದ್ದರೆ ಮೊದಲ ದಿನವೇ ಗೊತ್ತಾಗಬಹುದಿತ್ತು.

ಎರಡನೆಯದು, ಬಾಗಿಲು ತೆರೆದಿಡುವುದು. ಮೈಕ್ರೋಸಾಫ್ಟಿನ ‘ಪವರ್ ಆಪ್ಸ್’ನಿಂದ ಕಟ್ಟಿದ ಜಾಲತಾಣಗಳಲ್ಲಿ ಒಂದು ಅನುಮತಿಯನ್ನು ಸರಿಯಾಗಿ ಹಾಕದೆ ಬಿಟ್ಟುದರಿಂದ 47 ಸಂಸ್ಥೆಗಳ 3 ಕೋಟಿ 80 ಲಕ್ಷ ದಾಖಲೆಗಳು ಯಾರು ಬೇಕಾದರೂ ನೋಡುವಂತಿದ್ದವೆಂದು 2021ರ ಆಗಸ್ಟಿನಲ್ಲಿ ಬಯಲಾಯಿತು. ಅವುಗಳಲ್ಲಿ ಅಮೆರಿಕೆಯ ಸರಕಾರಿ ಇಲಾಖೆಗಳೂ ಇದ್ದವು. ಗಿರಾಕಿಗಳ ದೂರವಾಣಿ ಸಂಖ್ಯೆ, ನೌಕರರ ಆಧಾರ್ ವಿವರಗಳನ್ನು ಹಾಳೆಯಲ್ಲಿಡುವವರು ಇದನ್ನು ನೆನಪಿಡಬೇಕು. ಇಂತಹ ಮಾಹಿತಿಯ ರಕ್ಷಣೆಗಾಗಿ ನಮ್ಮ ದೇಶದಲ್ಲಿಯೂ 2023ರಲ್ಲಿ ಕಾಯಿದೆಯಾಗಿದೆ.

ಮೂರನೆಯದು, ಎಲ್ಲವನ್ನೂ ಒಬ್ಬನ ಸ್ವಂತ ಖಾತೆಯ ಮೇಲೆ ಕಟ್ಟುವುದು. ಆತ ಊರಿಗೆ ಹೋದರೆ ಬೀಗದ ಕೈಯೂ ಅವನೊಡನೆ ಹೋಗುತ್ತದೆ. ಖಾತೆ ಸಂಸ್ಥೆಯ ಹೆಸರಿನಲ್ಲಿರಲಿ, ಕ್ರಮವನ್ನು ಇಬ್ಬರು ಬಲ್ಲವರಾಗಿರಲಿ. ಪುಕ್ಕಟೆಯೆಂದು ಆರಂಭಿಸಿದುದಕ್ಕೆ ಕೆಲಸ ಬೆಳೆದಂತೆ ತಿಂಗಳ ಶುಲ್ಕ ಬೀಳುವುದುಂಟು. ಅದನ್ನೂ ಮೊದಲೇ ವಿಚಾರಿಸಿಕೊಳ್ಳಬೇಕು.

ಆರಂಭಿಸುವುದು ಹೇಗೆ?

ಕಂಪ್ಯೂಟರನ್ನು ಮುಟ್ಟುವ ಮೊದಲು ಕಾಗದ ತೆಗೆದುಕೊಳ್ಳಿರಿ. ದಿನವೂ ನಡೆಯುವ, ಹಣದ ವಿಲೇವಾರಿಯಿಲ್ಲದ ಸಣ್ಣದೊಂದು ಕೆಲಸವನ್ನು ಆರಿಸಿ, ಒಂದು ವಾರ ಅದರ ಪ್ರತಿ ಹೆಜ್ಜೆಯನ್ನೂ ಬರೆದಿಡಿರಿ: ಯಾರು ಯಾರಿಗೆ ಕೊಡುತ್ತಾರೆ, ಯಾರ ಒಪ್ಪಿಗೆ ಬೇಕು, ಎಲ್ಲಿ ತಡೆಯುತ್ತದೆ. ಕಾಗದದ ಮೇಲೆ ಗೊಂದಲವಾಗಿರುವುದನ್ನು ಯಂತ್ರ ಸರಿಪಡಿಸಲಾರದು. ಅದೇ ಗೊಂದಲವನ್ನು ಇನ್ನೂ ವೇಗವಾಗಿ ಮಾಡೀತು. ಆಮೇಲೆ ಹಾಳೆ ಮತ್ತು ಪತ್ರಕಗಳನ್ನು ಸಿದ್ಧಮಾಡಿ, ಬೇಕೆಂದೇ ತಪ್ಪು ಅಂಕಿಗಳನ್ನು ಕೊಟ್ಟು ಪರೀಕ್ಷಿಸಿರಿ. ಒಂದು ತಿಂಗಳ ಕಾಲ ಹಳೆಯ ಪುಸ್ತಕವನ್ನೂ ಹೊಸ ಕ್ರಮವನ್ನೂ ಜೊತೆಜೊತೆಯಾಗಿ ನಡೆಸಿ ತಾಳೆ ನೋಡಿದ ಮೇಲೆಯೇ ಪುಸ್ತಕವನ್ನು ಮುಚ್ಚಿರಿ.

ಹಗಲೆಲ್ಲ ಹೊಟೇಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರ ಚರಿತ್ರೆ ಮುಂಬಯಿ ಕನ್ನಡಿಗರದು. ಅಂದು ರಾತ್ರಿ ಶಾಲೆಗಳನ್ನು ನಡೆಸಿದಂತೆಯೇ ಇಂದು ನಮ್ಮ ಸಂಘ ಸಂಸ್ಥೆಗಳು ವಾರಕ್ಕೆರಡು ರಾತ್ರಿಯಾದರೂ ಈ ವಿದ್ಯೆಯ ತರಗತಿಗಳನ್ನು ಕನ್ನಡದಲ್ಲಿ ನಡೆಸಬಾರದೇಕೆ? ಮುಂಬಯಿ, ಪುಣೆ, ಹೈದರಾಬಾದು, ದಿಲ್ಲಿಗಳಲ್ಲಿ ತಂತ್ರಜ್ಞಾನದ ಕಛೇರಿಗಳಲ್ಲಿ ದುಡಿಯುವ ಕನ್ನಡದ ಯುವಕ ಯುವತಿಯರಿಗೆ ಕೊರತೆಯಿಲ್ಲ; ಕಲಿಯಬೇಕೆಂಬವರಿಗೂ ಕೊರತೆಯಿಲ್ಲ. ಇಬ್ಬರನ್ನೂ ಒಂದು ಕೋಣೆಯಲ್ಲಿ ಕೂಡಿಸುವ ಕಾರ್ಯವನ್ನು ಸಂಘಗಳ ಕಾರ್ಯಕರ್ತರು ಕೈಗೆತ್ತಿಕೊಳ್ಳಬೇಕೆಂದು ನಾವು ವಿನಂತಿಸುತ್ತೇವೆ.