ಹಳೆಯ ಆಟದ ಯಂತ್ರಗಳಿಗೆ ತಕ್ಕ ಚಿತ್ರ ಕೇಬಲ್ಲಿನ ಆಯ್ಕೆ: ಒಂದು ವಿವೇಚನೆ

20ನೆಯ ಶತಮಾನದ ಕೊನೆಯ ದಶಕಗಳ ಗೃಹಜೀವನವನ್ನು ಅಭ್ಯಾಸ ಮಾಡುವವರಿಗೆ ವಿಡಿಯೋ ಆಟದ ಯಂತ್ರಗಳು ಗಣ್ಯವಾದ ಆಕರಗಳು. ಆದರೆ ಶಾಸನವನ್ನು ಓದುವಂತೆ ಇವನ್ನು ನೇರವಾಗಿ ಓದಲಾಗದು. ಟೆಲಿವಿಷನ್ನಿಗೆ ಜೋಡಿಸಿದ ಮೇಲೆಯೇ ಇವುಗಳಲ್ಲಡಗಿರುವುದು ಕಣ್ಣಿಗೆ ಗೋಚರಿಸುತ್ತದೆ. ಕೇಬಲ್ಲು ತಪ್ಪಾದರೆ ಚಿತ್ರವೇ ಬಾರದಿರಬಹುದು, ಇಲ್ಲವೆ ಬಂದ ಚಿತ್ರ ನಮ್ಮನ್ನು ತಪ್ಪು ನಿರ್ಣಯಕ್ಕೆ ಒಯ್ಯಬಹುದು. ಆದುದರಿಂದ ಆಯ್ಕೆಯ ಕ್ರಮವನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸುತ್ತೇವೆ.

1972ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಮ್ಯಾಗ್ನಾವಾಕ್ಸ್ ಒಡಿಸ್ಸಿ ಯಂತ್ರವನ್ನು ಟೆಲಿವಿಷನ್ನಿನ ಆಂಟೆನಾ ದ್ವಾರಕ್ಕೇ ಜೋಡಿಸಬೇಕಾಗಿತ್ತು. ಅನಂತರ ಬಳಕೆಗೆ ಬಂದ ಕಾಂಪೋಸಿಟ್ ಪದ್ಧತಿಯಲ್ಲಿ ಬೆಳಕು ಮತ್ತು ಬಣ್ಣಗಳೆರಡೂ ಒಂದೇ ತಂತಿಯಲ್ಲಿ ಬೆರೆತು ಹರಿಯುತ್ತವೆ. ಹಳದಿ ಪ್ಲಗ್ಗಿನ ಕೇಬಲ್ಲು ಇದೇ. ಎಸ್-ವಿಡಿಯೋ ಪದ್ಧತಿಯಲ್ಲಿ ಅವೆರಡೂ ಬೇರೆಬೇರೆಯಾಗಿ ಬರುತ್ತವೆ. ಆರ್‌ಜಿಬಿ ಪದ್ಧತಿಯಲ್ಲಿ ಕೆಂಪು, ಹಸುರು, ನೀಲಿ ಬಣ್ಣಗಳಿಗೆ ಪ್ರತ್ಯೇಕವಾದ ತಂತಿಗಳುಂಟು. ಬೆರಕೆ ಕಡಮೆಯಾದಷ್ಟೂ ಚಿತ್ರ ಸ್ಫುಟವಾಗುತ್ತದೆ.

ಹೀಗಿರಲಾಗಿ ಆರ್‌ಜಿಬಿ ಕೇಬಲ್ಲನ್ನೇ ಕೊಂಡರಾಯಿತೆಂದು ತೋರಬಹುದು. ಆದರೆ ಬಾವಿಯಲ್ಲಿಲ್ಲದ ನೀರು ಬಿಂದಿಗೆಗೆ ಬಾರದು. ಜಪಾನಿನ ನಿಂಟೆಂಡೊ ಸಂಸ್ಥೆಯು ಸೂಪರ್ ಫ್ಯಾಮಿಕಾಮ್ (1990), ನಿಂಟೆಂಡೊ 64 (1996), ಗೇಮ್‌ಕ್ಯೂಬ್ (2001) ಈ ಮೂರು ಯಂತ್ರಗಳಿಗೂ ಒಂದೇ ಆಕಾರದ ಸಾಕೆಟ್ಟನ್ನು ಇರಿಸಿತು. ಮೊದಲನೆಯದು ಮೇಲೆ ಹೇಳಿದ ಮೂರು ಪದ್ಧತಿಗಳಲ್ಲಿಯೂ ಚಿತ್ರವನ್ನು ಕೊಡುತ್ತದೆ. ಆದರೆ ಅಮೆರಿಕದಲ್ಲಿ 1997ರಲ್ಲಿ ಬಂದ ಅದರ ಚಿಕ್ಕ ಮಾದರಿಯಲ್ಲಿ ಎಸ್-ವಿಡಿಯೋ, ಆರ್‌ಜಿಬಿಗಳನ್ನು ಕೈಬಿಡಲಾಯಿತು. ಎರಡನೆಯದರ ಸಾಕೆಟ್ಟಿನಲ್ಲಿ ಆರ್‌ಜಿಬಿ ಇಲ್ಲ. ಮೂರನೆಯದರಲ್ಲಿ ಅಮೆರಿಕದ ಮಾದರಿಗೆ ಎಸ್-ವಿಡಿಯೋ ಉಂಟು, ಆರ್‌ಜಿಬಿ ಇಲ್ಲ. ಯುರೋಪಿನ ಮಾದರಿಗೆ ಆರ್‌ಜಿಬಿ ಉಂಟು, ಎಸ್-ವಿಡಿಯೋ ಇಲ್ಲ. ಪ್ಲಗ್ಗು ಹೊಂದಿದ ಮಾತ್ರಕ್ಕೆ ಕೇಬಲ್ಲು ಹೊಂದಿತೆನ್ನಲಾಗದೆಂಬುದು ಇದರಿಂದ ವಿದಿತವಾಗುತ್ತದೆ.

ಟೆಲಿವಿಷನ್ನಿನ ಕಡೆಯಲ್ಲಿಯೂ ಇಂಥದೇ ತೊಡಕುಂಟು. ಫ್ರಾನ್ಸಿನಲ್ಲಿ 1980ರಿಂದ ಹೊಸ ಟೆಲಿವಿಷನ್‌ಗಳಿಗೆ ಕಡ್ಡಾಯವಾದ ಸ್ಕಾರ್ಟ್ ಎಂಬ 21 ಕಡ್ಡಿಗಳ ಪ್ಲಗ್ಗು ಯುರೋಪಿನಲ್ಲೆಲ್ಲ ಹರಡಿತು. ಜಪಾನಿನ ಆರ್‌ಜಿಬಿ ಪ್ಲಗ್ಗಿನ ಆಕಾರವೂ ಅದೇ, ಆದರೆ ಒಳಗಣ ತಂತಿಗಳ ಕ್ರಮ ಬೇರೆ. ಒಂದನ್ನು ಮತ್ತೊಂದರ ಸಾಕೆಟ್ಟಿಗೆ ಹಾಕಿದರೆ ಉಪಕರಣಕ್ಕೆ ಹಾನಿಯಾಗುವ ಸಂಭವವುಂಟು.

ಇನ್ನು ಸ್ಫುಟವಾದ ಚಿತ್ರವೇ ಯಥಾರ್ಥವಾದ ಚಿತ್ರವೆ ಎಂಬ ಪ್ರಶ್ನೆ. ಸೆಗಾ ಸಂಸ್ಥೆಯ ಮೆಗಾ ಡ್ರೈವ್ ಯಂತ್ರಕ್ಕಾಗಿ 1991ರಲ್ಲಿ ಹೊರಬಂದ ‘ಸೋನಿಕ್ ದ ಹೆಡ್ಜ್‌ಹಾಗ್’ ಆಟದ ಜಲಪಾತಗಳನ್ನು ಎಡೆಬಿಟ್ಟು ಎಳೆದ ಲಂಬರೇಖೆಗಳಿಂದ ರಚಿಸಿದ್ದಾರೆ. ಕಾಂಪೋಸಿಟ್ ಕೇಬಲ್ಲಿನಲ್ಲಿ ಆ ರೇಖೆಗಳು ಒಂದರೊಳಗೊಂದು ಕರಗಿ, ಹಿಂದಿನ ಬಂಡೆ ಕಾಣುವ ತಿಳಿನೀರಿನಂತೆ ತೋರುತ್ತವೆ. ಆರ್‌ಜಿಬಿಯಲ್ಲಿ ಬರಿಯ ಪಟ್ಟೆಗಳಾಗಿ ಉಳಿಯುತ್ತವೆ. ಮನೆಮನೆಯ ಆಟಗಾರರು ಕಂಡುದನ್ನು ಅರಿಯಬೇಕಾದವರಿಗೆ ಮೊದಲನೆಯದು, ಚಿತ್ರದ ರಚನಾಕ್ರಮವನ್ನು ಶೋಧಿಸುವವರಿಗೆ ಎರಡನೆಯದು ಉಪಯುಕ್ತ. ಪಾಠಾಂತರಗಳಂತೆ ಎರಡನ್ನೂ ಗಮನಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ.

ಈಚಿನ ಟೆಲಿವಿಷನ್‌ಗಳಲ್ಲಿ ಎಸ್-ವಿಡಿಯೋ ಸಾಕೆಟ್ಟು ಅಪರೂಪವಾಗಿದೆ. ನಡುವೆ ಪರಿವರ್ತಕವೊಂದು ಬೇಕಾಗುತ್ತದೆ. ಮೇಲಾಗಿ ಹಳೆಯ ಯಂತ್ರಗಳ 240 ಗೆರೆಗಳ ಪೂರ್ಣಚಿತ್ರವನ್ನು ಅನೇಕ ಹೊಸ ಟೆಲಿವಿಷನ್‌ಗಳು 480 ಗೆರೆಗಳ ಅರೆಚಿತ್ರವೆಂದು ಭ್ರಮಿಸಿ, ಇಲ್ಲದ ಮಸುಕನ್ನು ತಂದೊಡ್ಡುತ್ತವೆ. ಸುಸ್ಥಿತಿಯಲ್ಲಿರುವ ಹಳೆಯ ಕೊಳವೆಯ ಟೆಲಿವಿಷನ್ ದೊರೆತರೆ ಈ ತೊಂದರೆಯಿಲ್ಲ.

ಒಟ್ಟಿನಲ್ಲಿ, ಯಂತ್ರದ ಮಾದರಿ ಮತ್ತು ದೇಶವನ್ನು ಮೊದಲು ನೋಡಬೇಕು. ಅನಂತರ ಟೆಲಿವಿಷನ್ನಿನ ಸಾಕೆಟ್ಟನ್ನು, ಆಮೇಲೆ ನಮ್ಮ ಉದ್ದೇಶವನ್ನು. ಬೆಲೆಯ ವಿಚಾರ ಕಡೆಯದು. ನಿಂಟೆಂಡೊ 64ರಂಥ ಯಂತ್ರವನ್ನು ಬಿಚ್ಚಿ, ಹೊಸ ತಂತಿಗಳನ್ನು ಬೆಸೆದು, ಇಲ್ಲದ ಆರ್‌ಜಿಬಿಯನ್ನು ಪಡೆಯುವವರೂ ಇದ್ದಾರೆ. ಆಟದ ಸುಖಕ್ಕೆ ಅದು ಸರಿಯಿರಬಹುದು. ಆದರೆ ಸಂಗ್ರಹದಲ್ಲಿಡತಕ್ಕ ಯಂತ್ರವನ್ನು ಹಾಗೆ ತಿದ್ದುವುದು ಹಸ್ತಪ್ರತಿಯ ಅಕ್ಷರಗಳ ಮೇಲೆ ಹೊಸ ಮಸಿಯನ್ನು ತೀಡಿದಂತೆ. ಒಮ್ಮೆ ತಿದ್ದಿದ ಸಾಕ್ಷ್ಯವನ್ನು ಮುಂದಿನ ಸಂಶೋಧಕರು ಮೊದಲಿನ ರೂಪದಲ್ಲಿ ಪಡೆಯಲಾರರು.