ಗಣಕದೊಳಗಿನ ಕಾಣದ ಬಳಕೆದಾರರು

ಲಿನಕ್ಸ್ ಅಳವಡಿಸಿದ ಗಣಕವೊಂದರಲ್ಲಿ ‘ಇಟಿಸಿ’ ಎಂಬ ಕಡತಕೋಶದ ಒಳಗಿರುವ ‘ಪಾಸ್‌ಡಬ್ಲ್ಯುಡಿ’ ಕಡತವನ್ನು ವಿದ್ಯಾರ್ಥಿಗಳಿಗೆ ತೆರೆದು ತೋರಿಸಿ. ಒಬ್ಬರೇ ಬಳಸುವ ಗಣಕವಾದರೂ ಅದರಲ್ಲಿ ಹತ್ತಾರು ಹೆಸರುಗಳಿರುತ್ತವೆ: ರೂಟ್, ಡೀಮನ್, ಮೇಲ್, ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ, ನೋಬಡಿ. ‘ಇವರೆಲ್ಲ ಯಾರು ಸಾರ್?’ ಎಂಬ ಪ್ರಶ್ನೆ ಬಂದೇ ಬರುತ್ತದೆ. (ಕಡತದ ಹೆಸರು ಹೀಗಿದ್ದರೂ ಗುಪ್ತಪದಗಳು ಈಗ ಅದರಲ್ಲಿಲ್ಲ, ಅವುಗಳ ಸಂಕೇತರೂಪವನ್ನು ಸಾಮಾನ್ಯ ಬಳಕೆದಾರರು ಓದಲಾಗದ ‘ಷ್ಯಾಡೊ’ ಕಡತದಲ್ಲಿ ಇಡಲಾಗುತ್ತದೆ.)

ಇವರಲ್ಲಿ ಹೆಚ್ಚಿನವರು ಮನುಷ್ಯರಲ್ಲ. ಜಾಲಪುಟ ಒದಗಿಸುವುದು, ಅಂಚೆ ಸಾಗಿಸುವುದು, ಮುದ್ರಣದ ಸರದಿ ನೋಡಿಕೊಳ್ಳುವುದು ಇಂಥ ಕೆಲಸಗಳನ್ನು ಕೀಲಿಮಣೆಯ ಮುಂದೆ ಯಾರೂ ಇಲ್ಲದಾಗಲೂ ಮಾಡುತ್ತಿರುವ ಹಿನ್ನೆಲೆ ಸೇವೆಗಳ ಖಾತೆಗಳಿವು. ಇಂಥ ಸೇವೆಗೆ ಯುನಿಕ್ಸ್ ಬಳಗದಲ್ಲಿ ‘ಡೀಮನ್’ ಎಂದು ಹೆಸರು. ಭೌತವಿಜ್ಞಾನದ ಅಧ್ಯಾಪಕರಿಗೆ ಈ ಹೆಸರು ಹೊಸದಲ್ಲ. ಅಣುಗಳನ್ನು ಸದ್ದಿಲ್ಲದೆ ವಿಂಗಡಿಸುವ ಮ್ಯಾಕ್ಸ್‌ವೆಲ್‌ನ ಭೂತವೇ ಇದಕ್ಕೆ ಪ್ರೇರಣೆ ಎಂದು ಅಮೆರಿಕದ ಎಂ.ಐ.ಟಿ.ಯ ಗಣಕ ವಿಜ್ಞಾನಿ ಫರ್ನಾಂಡೊ ಕೊರ್ಬಾಟೊ ತಿಳಿಸಿದ್ದಾರೆ.

ಸೇವೆಗೆ ಖಾತೆ ಏಕೆ ಬೇಕು? ಒಂದು ತಂತ್ರಾಂಶ ಒಳ್ಳೆಯದೋ ಕೆಟ್ಟದ್ದೋ ಎಂಬುದು ಕಾರ್ಯಾಚರಣ ವ್ಯವಸ್ಥೆಯ ತಿರುಳಿಗೆ ತಿಳಿಯದು. ಅದು ಕೇಳುವುದು ಪ್ರತಿಯೊಂದು ಪ್ರಕ್ರಿಯೆಯ ಬಳಕೆದಾರ ಸಂಖ್ಯೆಯನ್ನು. ಸಂಖ್ಯೆ 0 ಆಗಿದ್ದರೆ ಅದು ರೂಟ್. ಬಹುತೇಕ ಎಲ್ಲ ಬಾಗಿಲೂ ತೆರೆಯುತ್ತದೆ. ಡೆಬಿಯನ್ ಲಿನಕ್ಸ್‌ನಲ್ಲಿ ಜಾಲ ಸೇವೆಯ ಸಂಖ್ಯೆ 33. ಮನುಷ್ಯರ ಖಾತೆಗಳು 1000ದಿಂದ ಆರಂಭ. ಕಡತಕ್ಕೆ ಒಬ್ಬ ಒಡೆಯ, ಒಂದು ಗುಂಪು, ಉಳಿದವರು ಎಂದು ಮೂರು ವರ್ಗಗಳುಂಟು. ಓದಲು 4, ಬರೆಯಲು 2, ನಡೆಸಲು 1. ಆದ್ದರಿಂದ 640 ಎಂದರೆ ಒಡೆಯ ಓದಿ ಬರೆಯಬಹುದು, ಗುಂಪಿನವರು ಓದಬಹುದು, ಉಳಿದವರಿಗೆ ಏನೂ ಇಲ್ಲ.

ಸೇವೆಯ ತಂತ್ರಾಂಶದಲ್ಲಿ ಒಂದು ದೋಷವಿದೆಯೆನ್ನಿ. ಅದರ ಮೂಲಕ ನುಸುಳಿದವನಿಗೆ ಆ ಸೇವೆಗಿರುವ ಹಕ್ಕುಗಳೆಲ್ಲ ದೊರೆಯುತ್ತವೆ. 2001ರ ಜುಲೈನಲ್ಲಿ ಹರಡಿದ ‘ಕೋಡ್ ರೆಡ್’ ಹುಳು ಇದನ್ನು ಜಗತ್ತಿಗೇ ತೋರಿಸಿತು. ವಿಂಡೋಸ್‌ನ ಜಾಲ ಸರ್ವರ್‌ಗೆ ಜೋಡಿಸಿದ್ದ ಹುಡುಕು ಸೌಲಭ್ಯದ ಒಂದು ಭಾಗದಲ್ಲಿ ದೋಷವಿತ್ತು. ಆ ಭಾಗ ‘ಸಿಸ್ಟಮ್’ ಎಂಬ ಅತ್ಯುನ್ನತ ಖಾತೆಯಲ್ಲಿ ನಡೆಯುತ್ತಿದ್ದುದರಿಂದ ಇಡೀ ಯಂತ್ರವೇ ಕೈವಶವಾಗುತ್ತಿತ್ತು. 14 ಗಂಟೆಗಳೊಳಗೆ 3,59,000ಕ್ಕೂ ಹೆಚ್ಚು ಗಣಕಗಳಿಗೆ ಸೋಂಕು ತಗುಲಿತು. ವಿಂಡೋಸ್ ಸರ್ವರ್ 2003ರಲ್ಲಿ ಜಾಲ ಸೇವೆಯ ಕೆಲಸಗಾರ ಪ್ರಕ್ರಿಯೆಗಳನ್ನು ‘ನೆಟ್‌ವರ್ಕ್ ಸರ್ವಿಸ್’ ಎಂಬ ಕಡಿಮೆ ಹಕ್ಕಿನ ಖಾತೆಗೆ ಇಳಿಸಲಾಯಿತು. ಕೆಲಸಕ್ಕೆ ಬೇಕಾದಷ್ಟೇ ಹಕ್ಕು ಇರಬೇಕೆಂಬ ಈ ತತ್ತ್ವವನ್ನು ಸಾಲ್ಟ್‌ಜರ್ ಮತ್ತು ಶ್ರೋಡರ್ 1975ರಲ್ಲೇ ತಮ್ಮ ಪ್ರಬಂಧದಲ್ಲಿ ವಿವರಿಸಿದ್ದರು!

ಹಾಗಾದರೆ ರೂಟ್ ಹಕ್ಕನ್ನು ಪೂರ್ತಿ ಬಿಟ್ಟುಬಿಡಬಹುದೇ? ಇಲ್ಲೊಂದು ತೊಡಕಿದೆ. ಜಾಲಪುಟಗಳ ಕೋರಿಕೆ ಬರುವುದು 80ನೇ ದ್ವಾರಕ್ಕೆ. ಯುನಿಕ್ಸ್ ಸಂಪ್ರದಾಯದಲ್ಲಿ 1024ಕ್ಕಿಂತ ಕೆಳಗಿನ ದ್ವಾರಗಳನ್ನು ತೆರೆಯುವ ಹಕ್ಕು ರೂಟ್‌ಗೆ ಮಾತ್ರ. ಅದಕ್ಕಾಗಿ ಅಪಾಚೆ ಸರ್ವರ್‌ನ ಮೂಲ ಪ್ರಕ್ರಿಯೆ ರೂಟ್ ಆಗಿ ಹುಟ್ಟಿ ದ್ವಾರ ತೆರೆಯುತ್ತದೆ. ಹೊರಗಿನವರಿಗೆ ಉತ್ತರಿಸುವ ಮರಿ ಪ್ರಕ್ರಿಯೆಗಳು ಹಕ್ಕು ಕಳಚಿಕೊಂಡು 33 ಆಗುತ್ತವೆ. ಕಳಚುವ ಕ್ರಮವೂ ಮುಖ್ಯ. ಮೊದಲು ಗುಂಪುಗಳನ್ನು ಬಿಡಬೇಕು, ಕೊನೆಗೆ ಬಳಕೆದಾರ ಸಂಖ್ಯೆಯನ್ನು. ತಿರುಗಾಮುರುಗಾ ಮಾಡಿದರೆ ಗುಂಪನ್ನು ಬದಲಿಸುವ ಹಕ್ಕೇ ಉಳಿದಿರದೆ, ರೂಟ್ ಗುಂಪಿನ ಸದಸ್ಯತ್ವ ಅಂಟಿಕೊಂಡೇ ಇರುತ್ತದೆ. ರಾಜೀನಾಮೆ ಕೊಟ್ಟ ಅಧಿಕಾರಿ ಮರುದಿನ ಆದೇಶಕ್ಕೆ ಸಹಿ ಹಾಕಲಾದೀತೇ? ಈಚಿನ ಲಿನಕ್ಸ್‌ನಲ್ಲಿ ಕೆಳಗಿನ ದ್ವಾರ ತೆರೆಯುವ ಹಕ್ಕೊಂದನ್ನೇ ಬಿಡಿಯಾಗಿ ಕೊಡಲೂ ಸಾಧ್ಯ.

ಶಾಲೆಯೊಂದು ತನ್ನ ಸರ್ವರ್‌ನಲ್ಲಿ ಅಂಕಪಟ್ಟಿಗಳನ್ನು ಇಟ್ಟಿದೆಯೆಂದು ಭಾವಿಸೋಣ. ಜಾಲಪುಟದ ಕಡತಗಳಿಗೆ ಜಾಲ ಸೇವೆಯೇ ಒಡೆಯನಾಗಬೇಕೆಂದು ಹಲವರು ತಿಳಿದಿರುತ್ತಾರೆ. ಅದು ತಪ್ಪು. ಒಡೆತನ ರೂಟ್‌ಗಿರಲಿ, ಸೇವೆ ಓದಿದರೆ ಸಾಕು. ಆಗ ನುಸುಳಿದವನು ಪುಟಗಳನ್ನು ತಿದ್ದಲಾರ. ದತ್ತಸಂಚಯದ ಗುಪ್ತಪದವಿರುವ ಕಡತಕ್ಕೆ ಒಡೆಯ ರೂಟ್, ಗುಂಪು ಜಾಲ ಸೇವೆಯದು, ಅನುಮತಿ 640. ವಿದ್ಯಾರ್ಥಿಗಳು ಕಳಿಸುವ ಕಡತಗಳು ಬಂದು ಸೇರುವ ಕೋಶವೊಂದನ್ನು ಮಾತ್ರ ಸೇವೆಯ ಒಡೆತನಕ್ಕೆ ಬಿಡಬೇಕು. ಏನಾದರೂ ಕೆಟ್ಟಾಗ 777 ಒತ್ತಿ ಎಲ್ಲರಿಗೂ ಎಲ್ಲ ಹಕ್ಕು ಕೊಡುವ ರೂಢಿ ಬಹಳ ಇದೆ. ಅದು ಬೀಗ ಗಟ್ಟಿಯಾಯಿತೆಂದು ಬಾಗಿಲನ್ನೇ ಕಿತ್ತಿಟ್ಟಂತೆ.

ಇನ್ನೆರಡು ತಪ್ಪು ತಿಳಿವಳಿಕೆಗಳಿವೆ. ಏನೂ ಹಕ್ಕಿಲ್ಲದ ‘ನೋಬಡಿ’ ಖಾತೆಯಲ್ಲೇ ಎಲ್ಲ ಸೇವೆಗಳನ್ನೂ ನಡೆಸಿದರೆ ಕ್ಷೇಮವೆಂಬುದು ಒಂದು. ಹಾಗೆ ಮಾಡಿದರೆ ಒಂದು ಸೇವೆ ಕೈತಪ್ಪಿದಾಗ ಅದೇ ಸಂಖ್ಯೆಯ ಉಳಿದವುಗಳನ್ನು ನಿಲ್ಲಿಸಬಹುದು, ಅವುಗಳ ಕಡತಗಳನ್ನು ಓದಬಹುದು. ಸೇವೆಗೊಂದು ಖಾತೆ ಇರುವುದು ಇದಕ್ಕಾಗಿಯೇ. ಮತ್ತೊಂದು, ಖಾತೆಯ ಸಾಲಿನ ಕೊನೆಯಲ್ಲಿರುವ ‘ನೋಲಾಗಿನ್’ ಎಲ್ಲವನ್ನೂ ತಡೆಯುತ್ತದೆ ಎಂಬುದು. ಅದು ಆ ಹೆಸರಿನಲ್ಲಿ ಮನುಷ್ಯರು ಒಳಬಂದು ಆದೇಶಗಳನ್ನು ಕೊಡದಂತೆ ತಡೆಯುತ್ತದೆ, ಅಷ್ಟೆ. ಈಗಾಗಲೇ ಓಡುತ್ತಿರುವ ಸೇವೆಯ ಹಕ್ಕುಗಳನ್ನು ಅದು ಮುಟ್ಟುವುದಿಲ್ಲ.

ಯಾವ ಪ್ರಕ್ರಿಯೆ ಯಾರ ಹೆಸರಿನಲ್ಲಿದೆ ಎಂಬುದನ್ನು ‘ಪಿಎಸ್ ಎಯುಎಕ್ಸ್’ ಎಂಬ ಆದೇಶದ ಮೊದಲ ಕಂಬಸಾಲು ತೋರಿಸುತ್ತದೆ. ಅದರಲ್ಲಿ ರೂಟ್ ಎಂದಿರುವ ಸೇವೆಗಳಿಗೆ ಆ ಹಕ್ಕು ನಿಜವಾಗಿ ಬೇಕೇ ಎಂದು ತರಗತಿಯಲ್ಲಿ ಚರ್ಚಿಸಬಹುದು. ದೂರದಿಂದ ಪ್ರವೇಶ ಕೊಡುವ ಓಪನ್ ಎಸ್‌ಎಸ್‌ಎಚ್‌ಗೆ ಅದು ಬೇಕು, ಏಕೆಂದರೆ ಬಂದವರು ಯಾರೋ ಅವರ ಸಂಖ್ಯೆಯನ್ನು ಅದು ಧರಿಸಬೇಕು. ಅದೂ ಸಹ 2002ರಿಂದ ಅಪರಿಚಿತರೊಡನೆ ಮಾತನಾಡುವ ಭಾಗವನ್ನು ಬೇರ್ಪಡಿಸಿ, ಹಕ್ಕಿಲ್ಲದ ಪ್ರತ್ಯೇಕ ಪ್ರಕ್ರಿಯೆಯಾಗಿ ನಡೆಸುತ್ತಿದೆ.