ಉತ್ತರದ ಬೆನ್ನಿಗೊಂದು ಕಥೆ

ಅಮೆರಿಕದ ಪ್ಲೇನ್ಸ್‌ಬರೋದ ನಮ್ಮ ಮನೆಯಲ್ಲಿ ಶನಿವಾರ ಬೆಳಗಿನ ದೋಸೆಯ ಹೊತ್ತಿಗೆ 'ಥಟ್ ಅಂತ ಹೇಳಿ' ಇರಲೇಬೇಕು. ದೂರದರ್ಶನ ಚಂದನದಲ್ಲಿ ಬಂದದ್ದನ್ನು ಯೂಟ್ಯೂಬಿನಲ್ಲಿ ಹಾಕಿಕೊಳ್ಳುತ್ತೇವೆ. ಕಾವಲಿಯ ಮುಂದೆ ನಿಂತ ಅತ್ತೆ ಸ್ಪರ್ಧಿಗಿಂತ ಮೊದಲೇ ಉತ್ತರ ಕೂಗಿದರೆ, ಇಲ್ಲೇ ಹುಟ್ಟಿದ ಮಗಳು "ಅಜ್ಜಿಗೆ ಒಂದು ಪುಸ್ತಕ" ಎಂದು ಬೆರಳು ಮಡಚುತ್ತಾಳೆ.

2002ರ ಜನವರಿ 4ರಂದು ಶುರುವಾದ ಈ ಕ್ವಿಜ್ ಅನ್ನು ನಡೆಸಿಕೊಂಡು ಬಂದವರು ಡಾ. ನಾ. ಸೋಮೇಶ್ವರ. ಓದಿದ್ದು ವೈದ್ಯಕೀಯ, ಬರೆದದ್ದು ಕನ್ನಡದಲ್ಲಿ. ಕಂತುಗಳು 3000 ದಾಟಿ ಎಷ್ಟೋ ಕಾಲವಾಯಿತು. 2000ದಲ್ಲಿ ಅಮಿತಾಭ್ ಬಚ್ಚನ್ ಹಿಂದಿಯಲ್ಲಿ ಕೋಟಿ ರೂಪಾಯಿಯ ಆಟ ಶುರುಮಾಡಿ ದೇಶವೆಲ್ಲ ಅದರ ಗುಂಗಿನಲ್ಲಿದ್ದಾಗ, ಚಂದನ ಸರಿಯುತ್ತರಕ್ಕೆ ಕೊಟ್ಟದ್ದು ಕನ್ನಡ ಪುಸ್ತಕ. ಅದು ಎಂಥ ಧೈರ್ಯ ಎಂದು ಈಗಲೂ ಅನ್ನಿಸುತ್ತದೆ.

ಸೋಮೇಶ್ವರರ ಹೆಚ್ಚುಗಾರಿಕೆ ಕಾಣುವುದು ಉತ್ತರ ಬಂದ ಮೇಲೆ. ಉತ್ತರ ಸರಿಯೋ ತಪ್ಪೋ, ಅವರು ಅಲ್ಲಿಗೇ ಬಿಡುವುದಿಲ್ಲ. ಆ ಪದ ಎಲ್ಲಿಂದ ಬಂತು, ಆ ಊರಿಗೆ ಆ ಹೆಸರು ಯಾಕೆ ಎಂದು ನಿಧಾನವಾಗಿ ಬಿಡಿಸುತ್ತಾರೆ. ಚೀಟಿ ಬರೆದು ಕಳಿಸದೆ, ಕಾಯಿಲೆ ಯಾಕೆ ಬಂತೆಂದು ಕೂರಿಸಿ ಹೇಳುವ ಮನೆವೈದ್ಯರ ರೀತಿ. ತಪ್ಪು ಹೇಳಿದವರೂ ಏನಾದರೊಂದು ಕಲಿತೇ ಏಳುತ್ತಾರೆ.

ನಾವಿರುವ ಜಾಗಕ್ಕೂ ಟಿ.ವಿ.ಗೂ ಹಳೆಯ ನಂಟು. ಅಮೆರಿಕ 1953ರಲ್ಲಿ ಒಪ್ಪಿಕೊಂಡ ಬಣ್ಣದ ಟಿ.ವಿ.ಯ ತಂತ್ರ ರೂಪುಗೊಂಡದ್ದು ಇಲ್ಲಿಂದ ಕೆಲವೇ ಮೈಲಿ ದೂರದ, ಪ್ರಿನ್ಸ್‌ಟನ್ ಬಳಿಯ ಆರ್‌ಸಿಎ ಕಂಪನಿಯ ಪ್ರಯೋಗಾಲಯದಲ್ಲಿ. ಅದೇ ಆರ್‌ಸಿಎ ಒಡೆತನದ ಎನ್‌ಬಿಸಿ ವಾಹಿನಿಯಲ್ಲಿ 1956ರಿಂದ ಜ್ಯಾಕ್ ಬ್ಯಾರಿ 'ಟ್ವೆಂಟಿ ಒನ್' ಎಂಬ ಕ್ವಿಜ್ ನಡೆಸಿದರು. ಗೆಲ್ಲಬೇಕಾದವರಿಗೆ ಉತ್ತರಗಳನ್ನು ಮೊದಲೇ ಹೇಳಿಕೊಟ್ಟಿದ್ದು ಬಯಲಾಗಿ, 1958ರಲ್ಲಿ ಆಟ ನಿಂತಿತು. ಗೆದ್ದು ಮನೆಮಾತಾಗಿದ್ದ ಕೊಲಂಬಿಯಾ ವಿಶ್ವವಿದ್ಯಾಲಯದ ಅಧ್ಯಾಪಕ ಚಾರ್ಲ್ಸ್ ವ್ಯಾನ್ ಡೋರನ್ ಮರುವರ್ಷ ಸಂಸತ್ತಿನ ಸಮಿತಿಯ ಮುಂದೆ ತಪ್ಪೊಪ್ಪಿಕೊಂಡರು. 1960ರಲ್ಲಿ ಇಂಥ ಮೋಸದ ವಿರುದ್ಧ ಕಾನೂನೇ ಬಂತು. ಬ್ಯಾರಿ ಚೇತರಿಸಿಕೊಂಡು 1972ರಲ್ಲಿ 'ದ ಜೋಕರ್ಸ್ ವೈಲ್ಡ್' ಎಂಬ ಆಟದ ಮೂಲಕ ಮತ್ತೆ ಗೆಲುವು ಕಾಣಲು ವರ್ಷಗಳೇ ಹಿಡಿದವು. ನಿರೂಪಕನ ಮೇಲೆ ನೋಡುಗರು ಇಡುವ ನಂಬಿಕೆ ಅಷ್ಟು ದೊಡ್ಡದು.

ಆ ನಂಬಿಕೆಯನ್ನು ಸೋಮೇಶ್ವರರು ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದಾರೆ.

ಮಗಳ ಲೆಕ್ಕದಲ್ಲಿ ಈಗ ಅಜ್ಜಿಗೆ 11 ಪುಸ್ತಕ ಬಾಕಿ. ಬೇಸಿಗೆ ರಜೆಗೆ ಬೆಂಗಳೂರಿಗೆ ಹೋದಾಗ ಗಾಂಧಿನಗರದ ಸಪ್ನಾದಿಂದ ತರಲು ಅತ್ತೆ ಪಟ್ಟಿ ಬರೆದು ಫ್ರಿಜ್ ಮೇಲೆ ಅಂಟಿಸಿದ್ದಾರೆ.